ಸ್ಯಾಂ ಸಿರ್ ಲಪೊಪಿ ಸುತ್ತಲಿನ ಕಾಲುದಾರಿ: ನಾವಿಬ್ರೇ ನಡೀಬಹುದಾ?

ಪ್ರಶ್ನೆ: ನಮ್ಮದು ಸಾಗರ. ಮಗ ಫ್ರಾನ್ಸಿನ ಟುಲೂಸ್‌ನಲ್ಲಿ ಕೆಲಸದಲ್ಲಿದಾನೆ. ಸೆಪ್ಟೆಂಬರ್ ಕೊನೇ ವಾರ ನಾವಿಬ್ರೂ ಅವನ ಹತ್ರ ಹೋಗ್ತಾ ಇದೀವಿ, ಲಾಟ್ ನದಿ ಪಕ್ಕದ ಸ್ಯಾಂ ಸಿರ್ ಲಪೊಪಿ ಅನ್ನೋ ಹಳ್ಳಿಲಿ ಆರು ದಿನಕ್ಕೆ ಮನೆ ಬಾಡಿಗೆ ಹಿಡಿದಿದಾನೆ. ಮೊದಲ ಮೂರು ದಿನ ಅವನಿಗೆ ಅಲ್ಲಿಂದಲೇ ಆಫೀಸ್ ಕೆಲಸ ಇರುತ್ತೆ, ನಾವಿಬ್ರೇ ನಡೆದಾಡ್ಕೊಂಡು ಬರಬೇಕು. ನಂಗೆ 58, ಯಜಮಾನ್ರಿಗೆ 64, ಅವರ ಬಲಗಾಲಿನ ಮಂಡಿ ಆಗಾಗ ನೋಯುತ್ತೆ. ಪರಿಚಯದವರೊಬ್ರು ಹೆದರಿಸಿಬಿಟ್ಟಿದಾರೆ, ಅಲ್ಲಿ ದಾರಿಗಳೆಲ್ಲ ಬೇರೆಯವರ ಜಮೀನಲ್ಲೇ ಹೋಗುತ್ತಂತೆ, ಅದು ಬೇಟೆ ಸೀಸನ್ನಂತೆ, ಹುಲ್ಲಲ್ಲಿ ಉಣುಗು ಇರುತ್ತಂತೆ. ಮಂಗನ ಕಾಯಿಲೆ ಕಣ್ಣಾರೆ ನೋಡಿರೋ ಊರಿನವಳು ನಾನು, ಉಣುಗು ಅಂದ್ರೆ ಎದೆ ಝಲ್ ಅನ್ನುತ್ತೆ. ಯಜಮಾನ್ರು "ಕೊಡಚಾದ್ರಿ ಹತ್ತಿದೋರಿಗೆ ಇದ್ಯಾವ ಲೆಕ್ಕ" ಅಂತಾರೆ. ಭಾಷೆನೂ ಬರಲ್ಲ. ಊರೊಳಗೇ ಸುತ್ತಾಡ್ಕೊಂಡು ಇದ್ದುಬಿಡೋದು ಒಳ್ಳೇದಾ? ಸೀರೆಲಿ ನಡೆಯೋಕಾಗುತ್ತಾ ಅಂತಾನೂ ಹೇಳಿ.

ಉತ್ತರ: ಮೇಡಂ, ಊರೊಳಗೇ ಇದ್ದುಬಿಡಬೇಡಿ. ಆ ಊರು ಸರಿಯಾಗಿ ಕಾಣಬೇಕು ಅಂದ್ರೆ ಊರಿಂದ ಹೊರಗೆ ಬರಲೇಬೇಕು, ಕೆಳಗೆ ನದಿ ದಡದಲ್ಲಿ ನಿಂತು ತಲೆ ಎತ್ತಿದಾಗಲೇ ಅದು ಎಂಥಾ ಬಂಡೆ ತುದೀಲಿ ಕೂತಿದೆ ಅಂತ ಗೊತ್ತಾಗೋದು. ದಕ್ಷಿಣ ಫ್ರಾನ್ಸಿನ ಈ ಭಾಗದಲ್ಲಿ ವಾಕಿಂಗ್ ಗುಂಪುಗಳನ್ನ ಕರ್ಕೊಂಡು ಓಡಾಡೋದೇ ನನ್ನ ಕೆಲಸ. ನಮ್ಮ ಕಡೆಯಿಂದ ಮಕ್ಕಳನ್ನ ನೋಡೋಕೆ ಬರೋ ಅಪ್ಪ ಅಮ್ಮಂದಿರೂ ಎಷ್ಟೋ ಜನ ನನ್ನ ಜೊತೆ ನಡೆದಿದಾರೆ, ಅವರ ಭಯಗಳೂ ಹೆಚ್ಚುಕಡಿಮೆ ನಿಮ್ಮವೇ. ನೀವು ಬರೆದಿರೋದರಲ್ಲಿ ಉಣುಗು ಮತ್ತೆ ಬೇಟೆ ಬಗ್ಗೆ ಸ್ವಲ್ಪ ಎಚ್ಚರ ಬೇಕು ನಿಜ, ಆದ್ರೆ ನಂಗೆ ಜಾಸ್ತಿ ಯೋಚನೆ ಆಗಿದ್ದು ಯಜಮಾನ್ರ ಆ ಕೊಡಚಾದ್ರಿ ಮಾತಿಂದ. ಮಲೆನಾಡಲ್ಲಿ ಬೆಟ್ಟ ಹತ್ತಿ ಅಭ್ಯಾಸ ಇರೋರು ಈ ಊರಲ್ಲಿ ಎರಡು ಕಡೆ ಲೆಕ್ಕ ತಪ್ತಾರೆ, ಅದನ್ನೇ ಮೊದಲು ಹೇಳ್ತೀನಿ.

ಒಂದು, ಏರು ಇಳಿಜಾರು. ಕೊಡಚಾದ್ರಿ 1,343 ಮೀಟರ್, ಇಲ್ಲಿ ಅದರ ಹತ್ತಿರಕ್ಕೂ ಬರೋ ಎತ್ತರ ಇಲ್ಲ, ಊರು ನದಿಯಿಂದ ಬರೀ 100 ಮೀಟರ್‌ನಷ್ಟು ಮೇಲಿದೆ. ಆದ್ರೆ ನಮ್ಮಲ್ಲಿ ಬೆಳಗ್ಗೆ ಕಾಲಲ್ಲಿ ಶಕ್ತಿ ಇರೋವಾಗ ಹತ್ತಿ, ಸುಸ್ತಾದ ಮೇಲೆ ಇಳ್ಕೊಂಡು ಮನೆಗೆ ಬರ್ತೀವಿ. ಇಲ್ಲಿ ಮನೆನೇ ಮೇಲಿರೋದು. ನದಿ ಕಡೆ ಹೋಗೋ ಯಾವ ದಾರಿ ಹಿಡಿದ್ರೂ ಮೊದಲು ಸಲೀಸಾಗಿ ಇಳಿದುಬಿಡ್ತೀರಿ, ಕೆಳಗೆ ಒಳ್ಳೇ ನೆರಳು, ನೀರು, ಚಪ್ಪಟೆ ದಾರಿ, ಇನ್ನೂ ಸ್ವಲ್ಪ ಮುಂದೆ ಹೋಗೋಣ ಅನಿಸುತ್ತೆ, ಆಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಹಸ್ಕೊಂಡು ವಾಪಸ್ ಹತ್ತಬೇಕು. ಸೊಂಟಕ್ಕೆ ಕೈ ಇಟ್ಕೊಂಡು ಅರ್ಧ ದಾರೀಲಿ ನಿಂತಿರೋರನ್ನ ನಾನು ಈ ಕೊನೇ ಏರಲ್ಲೇ ಜಾಸ್ತಿ ನೋಡಿರೋದು. ಫ್ರಾನ್ಸಲ್ಲಿ ನಡಿಗೆಯ ಟೈಮ್ ಲೆಕ್ಕ ಹಾಕೋದು ಚಪ್ಪಟೆ ನೆಲದಲ್ಲಿ ಗಂಟೆಗೆ 4 ಕಿಲೋಮೀಟರ್, ಏರಲ್ಲಿ ಗಂಟೆಗೆ 300 ಮೀಟರ್ ಎತ್ತರ ಅಂತ. ನೀವಿಬ್ರೂ ಅದಕ್ಕೆ ಅರ್ಧದಷ್ಟು ಸೇರಿಸ್ಕೊಳ್ಳಿ, ಬೋರ್ಡಲ್ಲಿ 2 ಗಂಟೆ ಅಂತಿದ್ರೆ ನಿಮಗೆ 3 ಗಂಟೆ.

ಎರಡನೇದು ನೀರು, ಇದು ಇನ್ನೂ ಮುಖ್ಯ. ನಮ್ಮ ಕಡೆ ಕಾಡಲ್ಲಿ ನಡೀತಾ ಇದ್ರೆ ಎಲ್ಲಾದ್ರೂ ಒಂದು ಹಳ್ಳ, ಒರತೆ ಸಿಕ್ಕೇ ಸಿಗುತ್ತೆ ಅನ್ನೋ ಧೈರ್ಯ ಇರುತ್ತೆ ನೋಡಿ, ಅದನ್ನ ಇಲ್ಲಿಗೆ ತರಬೇಡಿ. ಊರಿನ ಹಿಂದೆ, ದಕ್ಷಿಣಕ್ಕೆ ಇರೋ ಬಯಲು ಪ್ರಸ್ಥಭೂಮಿಗೆ ಕೋಸ್ ಅಂತಾರೆ, ಲಿಮೋಞ್ ಕೋಸ್ ಅಂತ ಅದರ ಹೆಸರು. ಅದು ಪೂರ್ತಿ ಸುಣ್ಣಕಲ್ಲು. ಮಳೆನೀರು ಸುಣ್ಣಕಲ್ಲನ್ನ ಸಾವಿರಾರು ವರ್ಷದಿಂದ ಕರಗಿಸ್ತಾ ಬಿರುಕು ಕೊರೆದಿದೆ, ಹಾಗಾಗಿ ಎಷ್ಟು ಮಳೆ ಬಿದ್ರೂ ನೀರು ನೆಲದ ಮೇಲೆ ನಿಲ್ಲಲ್ಲ, ಸೀದಾ ಒಳಗೆ ಇಳಿದು ಕೆಳಗೆ ಕಣಿವೆ ಬುಡದಲ್ಲಿ ಊಟೆಯಾಗಿ ಹೊರಗೆ ಬರುತ್ತೆ. ಮೇಲೆ ಗಿಡ್ಡ ಗಿಡ್ಡ ಓಕ್ ಮರ, ಜುನಿಪರ್ ಪೊದೆ, ಎಲ್ಲಾ ಹಸಿರಾಗೇ ಕಾಣುತ್ತೆ, ಆದ್ರೆ ಒಂದು ಹನಿ ಹರಿಯೋ ನೀರಿಲ್ಲ. ಒಂದ್ಸಲ ನಮ್ಮ ಗುಂಪಲ್ಲಿ ಒಬ್ರು ಮನೆಯಿಂದ ಅರ್ಧ ಲೀಟರ್ ಬಾಟಲಿ ಮಾತ್ರ ತಂದಿದ್ರು, ಕೇಳಿದ್ರೆ "ಇಷ್ಟು ಹಸಿರಿದೆ, ಕೆಳಗೆ ತಗ್ಗಿದೆ, ಅಲ್ಲಿ ಹಳ್ಳ ಇರಲೇಬೇಕಲ್ಲ" ಅಂದ್ರು. ತಗ್ಗಿಗೆ ಇಳಿದು ನೋಡಿದ್ರೆ ಒಣ ಎಲೆ, ಬಿಳೀ ಕಲ್ಲು, ಅಷ್ಟೇ. ಪಾಪ, ಆ ಕಲ್ಲುಗಳನ್ನ ನೋಡ್ಕೊಂಡು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ ಅವರು. ಈ ಕೋಸ್ ಸೀಮೇಲಿ ಅಲ್ಲಲ್ಲಿ ಬಂಡೆ ಕೊರೆದು ಮಾಡಿದ ಸಣ್ಣ ಸಣ್ಣ ಹೊಂಡಗಳಿರುತ್ತೆ, ಸ್ಯಾಂ ನಾಂಫೇಸ್ ಅನ್ನೋ ಸಾಧುವೊಬ್ರು ಕುರಿಗಳಿಗೆ ಅಂತ ಕೊರೆದದ್ದು ಅಂತ ಐತಿಹ್ಯ. ಅದು ಈಗಲೂ ಕುರಿಗಳಿಗೇ, ನೀವು ಕುಡಿಯಬೇಡಿ. ಕೋಸ್ ಮೇಲೆ ಹೋಗೋ ದಿನ ಒಬ್ಬೊಬ್ರಿಗೆ 2 ಲೀಟರ್ ಮನೆಯಿಂದಲೇ ತಗೊಂಡು ಹೋಗಿ.

ಇಲ್ಲಿ ನಡೆಯೋರೆಲ್ಲ ಮಾಡೋ ಒಂದು ಉಪಾಯ ಹೇಳ್ತೀನಿ, ಕೇಳಿ ಮುಖ ಸಿಂಡರಿಸಬೇಡಿ. ದಾರೀಲಿ ಸಿಗೋ ಹಳ್ಳಿಗಳಲ್ಲಿ ಸ್ಮಶಾನದ ಗೇಟ್ ಹತ್ರ ಒಂದು ನಲ್ಲಿ ಇರುತ್ತೆ, ಸಮಾಧಿ ಮೇಲಿನ ಹೂಕುಂಡಕ್ಕೆ ನೀರು ಹಾಕೋಕೆ ಅಂತ. ಸಾಮಾನ್ಯವಾಗಿ ಅದು ಊರಿನ ಸಪ್ಲೈ ನೀರೇ, ಇಲ್ಲಿನೋರು ಯಾವ ಸಂಕೋಚ ಇಲ್ಲದೆ ಅಲ್ಲಿ ಬಾಟಲಿ ತುಂಬಿಸ್ಕೊಳ್ತಾರೆ. ನಮ್ಮೋರಿಗೆ ಮನಸ್ಸು ಬರಲ್ಲ, ನಂಗೆ ಅರ್ಥ ಆಗುತ್ತೆ, ಆದ್ರೆ ಗಂಟಲು ಒಣಗಿದಾಗ ನೆನಪಿರಲಿ. ಎಲ್ಲಾದ್ರೂ "ಓ ನೋಂ ಪೋತಾಬ್ಲ್" ಅಂತ ಬರೆದಿದ್ರೆ ಅದು ಕುಡಿಯೋ ನೀರಲ್ಲ, ಈ ಮೂರು ಪದ ಹೇಗೆ ಬರೀತಾರೆ ಅಂತ ಮಗನ ಹತ್ರ ಒಂದು ಚೀಟೀಲಿ ಬರೆಸ್ಕೊಳ್ಳಿ.

ಈಗ ಜಮೀನಿನ ವಿಷಯ. ನಿಮ್ಮ ಪರಿಚಯದವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜಾನೂ ಅಲ್ಲ. ಸ್ವೀಡನ್ ತರ ಎಲ್ಲಿ ಬೇಕಾದ್ರೂ ನಡೆಯೋ ಹಕ್ಕು ಫ್ರಾನ್ಸಲ್ಲಿಲ್ಲ. ಆದ್ರೆ ಹಳ್ಳಿಗಳ ನಡುವೆ ಮೊದಲಿಂದ ಇರೋ ಗಾಡಿದಾರಿ, ಕಾಲುದಾರಿಗಳಲ್ಲಿ ತುಂಬಾನೇ ಆಯಾ ಊರಿನ ಪಂಚಾಯ್ತಿಯ ಆಸ್ತಿ, ನಮ್ಮ ಬಂಡಿದಾರಿ ಇದ್ದ ಹಾಗೆ, ಯಾರು ಬೇಕಾದ್ರೂ ನಡೀಬಹುದು. ಕೆಲವು ಕಡೆ ದಾರಿ ಖಾಸಗಿ ಜಮೀನಲ್ಲಿ ಹಾಯುತ್ತೆ, ಅಲ್ಲಿ ಮಾಲೀಕರ ಒಪ್ಪಿಗೆ ತಗೊಂಡೇ ಬಣ್ಣದ ಗುರುತು ಹಾಕಿರ್ತಾರೆ. ಹಾಗಾಗಿ ಗುರುತು ಇರೋ ದಾರೀಲಿ ನೀವಿರೋ ತನಕ ಯಾರೂ ಏನೂ ಅನ್ನಲ್ಲ, ದಾರಿ ಬಿಟ್ಟು ತೋಟಕ್ಕೆ ಕಾಲಿಟ್ರೆ ಮಾತ್ರ ತಪ್ಪು. 2023ರಿಂದ, ಖಾಸಗಿ ಅಂತ ಬೋರ್ಡ್ ಹಾಕಿರೋ ಕಾಡು ಜಮೀನಿಗೆ ನುಗ್ಗಿದ್ರೆ ದಂಡಾನೂ ಹಾಕಬಹುದು. ನೀವು ಹೋಗೋ ಹೊತ್ತಿಗೆ ಅಲ್ಲಿ ವಾಲ್ನಟ್ ಉದುರೋ ಕಾಲ, ಸಾಲಾಗಿ ನೆಟ್ಟ ಮರದ ಕೆಳಗೆ ರಾಶಿ ಬಿದ್ದಿರುತ್ತೆ, ಯಾರೂ ಇಲ್ಲ ಅನಿಸುತ್ತೆ, ದಯವಿಟ್ಟು ಆರಿಸಬೇಡಿ. ಅದು ಒಂದು ಮನೆಯವರ ವರ್ಷದ ಫಸಲು, ನಮ್ಮ ಅಡಿಕೆ ತೋಟಕ್ಕೆ ಬಂದು ಯಾರಾದ್ರೂ ಹೆಕ್ಕಿದ್ರೆ ಹೇಗಿರುತ್ತೆ ಹಾಗೆ. ಕುರಿಬೇಲಿಯ ಗೇಟ್ ಮುಚ್ಚಿದ್ರೆ ತೆಗೆದು ಹೋದ್ಮೇಲೆ ಮತ್ತೆ ಮುಚ್ಚಿ. ಈ ಸೀಮೆಯ ಕುರಿಗಳಿಗೆ ಕಣ್ಣ ಸುತ್ತ ಕಪ್ಪು, ಕನ್ನಡಕ ಹಾಕ್ಕೊಂಡ ಹಾಗೆ ಕಾಣುತ್ತೆ, ಫೋಟೋ ತಗೊಳ್ಳಿ, ಅಟ್ಟಿಸ್ಕೊಂಡು ಹೋಗಬೇಡಿ.

ಭಾಷೆ ಬರದಿದ್ರೂ ಈ ದಾರಿಗಳನ್ನ ಓದಬಹುದು, ಯಾಕಂದ್ರೆ ಅದು ಬಣ್ಣದ ಭಾಷೆ. ಮೇಲೆ ಬಿಳಿ ಕೆಳಗೆ ಕೆಂಪು ಎರಡು ಪಟ್ಟಿ ಇದ್ರೆ ಅದು ದೂರದ ದಾರಿ, ಜಿಆರ್ ಅಂತಾರೆ, 1947ರಲ್ಲಿ ಶುರುವಾದ ಪದ್ಧತಿ. ನಿಮ್ಮ ಊರಿನ ಮೂಲಕ ಹೋಗೋದು ಜಿಆರ್ 36. ಬರೀ ಹಳದಿ ಒಂದು ಪಟ್ಟಿ ಇದ್ರೆ ಅದು ಅರ್ಧ ದಿನ ಒಂದು ದಿನದ ಸ್ಥಳೀಯ ಸುತ್ತು. ಪಟ್ಟಿ ಕೆಳಗೆ ಬಾಣ ಇದ್ರೆ ಆ ಕಡೆ ತಿರುಗಿ. ಎರಡು ಪಟ್ಟಿ ಅಡ್ಡಡ್ಡ ಗುಣಿಸು ಗುರುತಿನ ತರ ಇದ್ರೆ, ಎಷ್ಟೋ ಜನ ಅದನ್ನ ಪ್ರವೇಶ ನಿಷೇಧ ಅಂದ್ಕೊಂಡು ಗಾಬರಿ ಆಗ್ತಾರೆ, ಅದರ ಅರ್ಥ "ನಿಮ್ಮ ದಾರಿ ಇದಲ್ಲ" ಅಂತ ಅಷ್ಟೇ. ಗುರುತುಗಳನ್ನ ಮರದ ಮೇಲೆ ಮಾತ್ರ ಹುಡುಕಬೇಡಿ, ಕೋಸ್ ಮೇಲೆ ಮರಗಳು ಗಿಡ್ಡ, ಅಲ್ಲಿ ದಾರಿ ಎರಡೂ ಕಡೆ ಗಾರೆ ಇಲ್ಲದೆ ಬರೀ ಕಲ್ಲು ಪೇರಿಸಿದ ಗೋಡೆ ಇರುತ್ತೆ, ಅದರಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿನ ಮೇಲೆ ಅಂಗೈ ಅಗಲದಷ್ಟು ಬಣ್ಣ, ಅರ್ಧ ಪಾಚಿ ಮುಚ್ಚಿರುತ್ತೆ. ನನ್ನ ಲೆಕ್ಕ ಇಷ್ಟೇ, ಹತ್ತು ನಿಮಿಷ ನಡೆದ್ರೂ ಗುರುತು ಕಾಣಲಿಲ್ಲ ಅಂದ್ರೆ ಮುಂದೆ ಸಿಗುತ್ತೆ ಅಂತ ಹೋಗದೆ, ಕೊನೇ ಗುರುತು ನೋಡಿದ ಜಾಗಕ್ಕೆ ವಾಪಸ್ ಬನ್ನಿ. ಫೋನಲ್ಲಿ ಐಜಿಎನ್ ಅನ್ನೋ ಅಲ್ಲಿನ ಸರ್ಕಾರಿ ಸಂಸ್ಥೆಯ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಸಿಟ್ಕೊಳ್ಳಿ, ಕಣಿವೆ ಒಳಗೆ ಸಿಗ್ನಲ್ ಬರ್ತಾ ಹೋಗ್ತಾ ಇರುತ್ತೆ. ಕೋಸ್ ಮೇಲೆ ದಾರಿ ಬಿಡಬೇಡಿ ಅನ್ನೋಕೆ ಇನ್ನೊಂದು ಕಾರಣಾನೂ ಇದೆ, ನೆಲ ಕುಸಿದು ಆದ ಆಳವಾದ ಗುಂಡಿಗಳು ಪೊದೆ ಮಧ್ಯೆ ಇರ್ತವೆ, ಈಗ್ ಅಂತಾರೆ ಅದಕ್ಕೆ. ದಾರೀಲಿದ್ರೆ ಅದರ ಭಯ ಇಲ್ಲ.

ಬೇಟೆ. ಇದು ನಿಜ, ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆ ತನಕ ಸೀಸನ್. ಕಾಡುಹಂದಿ ಮೆಕ್ಕೆಜೋಳದ ಹೊಲ, ತೋಟ ಎಲ್ಲ ಅಗೆದು ಹಾಕುತ್ತೆ ಅಂತ ಊರಿನೋರು ಗುಂಪು ಕಟ್ಕೊಂಡು ಸೋವಿ ಬೇಟೆ ಮಾಡ್ತಾರೆ, ನಾಯಿ ಬಿಟ್ಟು ಎಬ್ಬಿಸೋದು, ಆ ಕಡೆ ಕೋವಿಯವರು ಕಾಯೋದು, ಮಲೆನಾಡಿನ ಹಿರಿಯರಿಗೆ ಇದು ಹೊಸದೇನಲ್ಲ. ಅವಘಡಗಳು ಆಗಿವೆ, ನಡೆಯೋರಿಗೂ ಗುಂಡು ತಗುಲಿದ್ದಿದೆ, ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಜಾಸ್ತಿ ನಡೆಯೋದು ಶನಿವಾರ ಭಾನುವಾರ, ನಿಮ್ಮ ಮೂರು ದಿನ ವಾರದ ಮಧ್ಯೆ ಬರುತ್ತಲ್ಲ, ಅದು ಒಳ್ಳೇದೇ ಆಯ್ತು. "ಶಾಸ್ ಆಂ ಕೂರ್" ಅಂತ ಬೋರ್ಡ್ ಇಟ್ಟಿದ್ರೆ ಮುಂದೆ ಬೇಟೆ ನಡೀತಿದೆ ಅಂತ, ಅವತ್ತು ಆ ದಾರಿ ಬಿಟ್ಟು ವಾಪಸ್ ಬನ್ನಿ. ಮಣ್ಣಿನ ಬಣ್ಣ, ಕಡು ಹಸಿರು ಬಟ್ಟೆ ಬೇಡ, ಕಾರಲ್ಲಿ ಇಡೋ ಹೊಳೆಯೋ ಕಿತ್ತಳೆ ಅಥವಾ ಹಳದಿ ಜಾಕೆಟ್ ಮಗನ ಕಾರಲ್ಲೇ ಇರುತ್ತೆ, ಫ್ರಾನ್ಸಲ್ಲಿ ಅದು ಕಡ್ಡಾಯ, ಅದನ್ನೇ ಹಾಕ್ಕೊಳ್ಳಿ. ಇಬ್ರೂ ಜೋರಾಗಿ ಮಾತಾಡ್ಕೊಂಡು ನಡೀರಿ.

ಉಣುಗಿಗೆ ಬರ್ತೀನಿ, ನಿಮ್ಮ ಮುಖ್ಯ ಭಯ ಅದೇ ಅಲ್ವಾ. 1957ರಲ್ಲಿ ನಿಮ್ಮ ಪಕ್ಕದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ವೈರಸ್ ಇಲ್ಲಿಲ್ಲ. ಇಲ್ಲಿನ ಉಣುಗು ಹರಡೋದು ಮುಖ್ಯವಾಗಿ ಲೈಮ್ ಅನ್ನೋ ಕಾಯಿಲೆ, ಅದು ಬ್ಯಾಕ್ಟೀರಿಯಾದಿಂದ ಬರೋದು, ಬೇಗ ಗೊತ್ತಾದ್ರೆ ಆ್ಯಂಟಿಬಯಾಟಿಕ್‌ಗೆ ವಾಸಿ ಆಗುತ್ತೆ. ಮಂಗನ ಕಾಯಿಲೆ ತರ ದಿಢೀರ್ ಜ್ವರ ಬಂದು ಮಲಗಿಸೋದಲ್ಲ, ನಿಧಾನ. ಎಲ್ಲಾ ಉಣುಗಲ್ಲೂ ರೋಗ ಇರಲ್ಲ, ಇದ್ರೂ ಕಚ್ಚಿದ ಕೂಡಲೇ ಬರಲ್ಲ, ಎಷ್ಟು ಹೊತ್ತು ಮೈಗೆ ಕಚ್ಕೊಂಡಿರುತ್ತೋ ಅಷ್ಟು ಅಪಾಯ ಹೆಚ್ಚು. ಹಾಗಾಗಿ ಸಂಜೆ ಮನೆಗೆ ಬಂದ ತಕ್ಷಣ ಸ್ನಾನ, ಮಂಡಿ ಹಿಂದೆ, ತೊಡೆಸಂದು, ಕಂಕುಳು, ಕಿವಿ ಹಿಂದೆ, ಕೂದಲ ಬುಡ ಒಬ್ರಿಗೊಬ್ರು ನೋಡ್ಕೊಳ್ಳಿ. ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತೆ, ಮಚ್ಚೆ ಅಂದ್ಕೊಂಡು ಬಿಡ್ತೀವಿ, ಬೆರಳಲ್ಲಿ ಸವರಿ ನೋಡಿದ್ರೆ ಗೊತ್ತಾಗುತ್ತೆ.

ಕಚ್ಚಿದ್ರೆ ಎಣ್ಣೆ, ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ, ಅದು ಒದ್ದಾಡಿ ಹೊಟ್ಟೇಲಿರೋದನ್ನ ನಮ್ಮ ಮೈಗೇ ಕಕ್ಕಬಹುದು. ಯಾವ ಫಾರ್ಮಸಿಲಾದ್ರೂ "ತೀರ್ ತೀಕ್" ಅಂತ ಕೇಳಿ, ಸಣ್ಣ ಪ್ಲಾಸ್ಟಿಕ್ ಕೊಕ್ಕೆ ಕೊಡ್ತಾರೆ, ಅದನ್ನ ಚರ್ಮಕ್ಕೆ ತಾಗಿಸಿ ಉಣುಗಿನ ಕೆಳಗೆ ತೂರಿಸಿ ನಿಧಾನ ತಿರುಗಿಸಿದ್ರೆ ಪೂರ್ತಿ ಬರುತ್ತೆ. ಆಮೇಲೆ ಡೆಟಾಲ್ ತರದ್ದು ಹಚ್ಚಿ, ಜಾಗದ ಫೋಟೋ ತೆಗೆದು ತಾರೀಕು ಬರೆದಿಡಿ. 3ರಿಂದ 30 ದಿನದೊಳಗೆ ಅಲ್ಲಿ ವೃತ್ತಾಕಾರದ ಕಲೆ ದೊಡ್ಡದಾಗ್ತಾ ಹೋದ್ರೆ ಡಾಕ್ಟರ್ ಹತ್ರ ಹೋಗಲೇಬೇಕು. ಪುಸ್ತಕದಲ್ಲಿ ಕೆಂಪು ಉಂಗುರ ಅಂತ ಬರೆದಿರ್ತಾರೆ, ನಮ್ಮ ಮೈಬಣ್ಣಕ್ಕೆ ಕೆಂಪು ಅಷ್ಟು ಎದ್ದು ಕಾಣಲ್ಲ, ಕಂದು ಅಥವಾ ನೇರಳೆ ಛಾಯೆ ಇರಬಹುದು. ಇನ್ನೊಂದು, ಆ 30 ದಿನ ಮುಗಿಯೋಷ್ಟರಲ್ಲಿ ನೀವು ಸಾಗರದಲ್ಲಿರ್ತೀರಿ. ಅಲ್ಲಿನ ಡಾಕ್ಟರಿಗೆ ಉಣುಗು ಅಂದ ಕೂಡಲೇ ಮಂಗನ ಕಾಯಿಲೆನೇ ತಲೆಗೆ ಬರೋದು, ಹಾಗಾಗಿ "ಫ್ರಾನ್ಸಲ್ಲಿ ಕಚ್ಚಿದ್ದು, ಲೈಮ್ ಇರಬಹುದಾ" ಅಂತ ನೀವೇ ಬಾಯಿಬಿಟ್ಟು ಹೇಳಬೇಕು.

ಸೀರೆ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಊರೊಳಗೆ, ನದಿ ದಡದಲ್ಲಿ ಸೀರೆ ಉಟ್ಟು ಓಡಾಡೋಕೆ ಏನೂ ಅಡ್ಡಿ ಇಲ್ಲ, ಆದ್ರೆ ಹುಲ್ಲು ಇರೋ ದಾರೀಲಿ ನೆರಿಗೆ ಹುಲ್ಲನ್ನ ಸವರ್ತಾ ಹೋಗುತ್ತೆ, ಕಾಲು ಖಾಲಿ, ಉಣುಗಿಗೆ ನಾವೇ ಏಣಿ ಹಾಕಿ ಕೊಟ್ಟ ಹಾಗೆ. ತಿಳಿ ಬಣ್ಣದ ಚೂಡಿದಾರ್ ಹಾಕಿ ಕಾಲಿನ ತುದೀನ ಸಾಕ್ಸ್ ಒಳಗೆ ಸಿಕ್ಕಿಸಿ. ಶೂ ಮಾತ್ರ ಹಿಡಿತ ಇರೋ ತಳದ್ದೇ ಬೇಕು, ಸವೆದ ಸುಣ್ಣಕಲ್ಲು ಒದ್ದೆ ಆದ್ರೆ ಸೋಪಿನ ಹಾಗೆ, ಊರಿನ ಓಣಿಗಳಲ್ಲೂ ಅಷ್ಟೇ.

ನಾಯಿಗಳ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳಿಬಿಡ್ತೀನಿ. ಒಂಟಿ ಮನೆ ಹತ್ರ ನಾಯಿ ಬೊಗಳ್ಕೊಂಡು ಬಂದ್ರೆ ಓಡಬೇಡಿ, ಕೋಲು ಎತ್ತಬೇಡಿ, ನಿಂತು ಸಮಾಧಾನದ ದನಿಲಿ ಮಾತಾಡಿ, ಕನ್ನಡದಲ್ಲೇ ಮಾತಾಡಿ ಪರವಾಗಿಲ್ಲ, ನಿಧಾನಕ್ಕೆ ದಾಟ್ಕೊಳ್ಳಿ. ಎದುರಿಗೆ ಬರೋ ಮನುಷ್ಯರಿಗೆ ಮಾತ್ರ "ಬೋಂಜೂರ್" ಅನ್ನದೆ ಹೋಗಬೇಡಿ, ಇಲ್ಲಿ ಅದು ದೊಡ್ಡ ಮರ್ಯಾದೆ, ಆ ಒಂದು ಮಾತು ಹೇಳಿದ್ರೆ ಉಳಿದದ್ದಕ್ಕೆ ಕೈಸನ್ನೆ ಸಾಕಾಗುತ್ತೆ.

ಇನ್ನು ನಿಮ್ಮ ಮೂರು ದಿನಕ್ಕೆ ನಾನಾಗಿದ್ರೆ ಏನು ಮಾಡ್ತಿದ್ದೆ ಹೇಳ್ತೀನಿ. ಮೊದಲ ದಿನ ದೂರ ಬೇಡ. ಊರಿಂದ ನದಿಗೆ ಇಳಿದು, ಸೇತುವೆ ದಾಟಿ ಆ ಕಡೆ ದಡದ ತೂರ್ ದ ಫೋರ್ ಅನ್ನೋ ಹಳ್ಳಿ ತನಕ ಹೋಗಿ ಬನ್ನಿ, ಆ ವಾಪಸ್ ಏರು ಯಜಮಾನ್ರ ಮಂಡಿಗೆ ಹೇಗಾಗುತ್ತೆ ಅಂತ ಗೊತ್ತಾಗುತ್ತೆ. ಕಾಓರ್‌ನಿಂದ ಫಿಜಾಕ್‌ಗೆ ಹೋಗೋ ಬಸ್ ನಿಲ್ಲೋದೂ ಅಲ್ಲೇ, ಜಾಗ ನೋಡಿಟ್ಟ ಹಾಗೂ ಆಯ್ತು.

ಎರಡನೇ ದಿನ ಆಲಾಜ್ ದಾರಿ, ಇದನ್ನ ಮಾತ್ರ ಬಿಡಬೇಡಿ. ಹಿಂದೆ ಲಾಟ್ ನದೀಲಿ ಸರಕು ದೋಣಿಗಳು ಓಡಾಡ್ತಿದ್ವು, ನೀರಿನ ಹರಿವಿಗೆ ಎದುರಾಗಿ ಬರೋವಾಗ ದಡದಲ್ಲಿ ನಡೆಯೋ ಜನ, ಪ್ರಾಣಿಗಳು ಹಗ್ಗ ಕಟ್ಟಿ ದೋಣಿ ಎಳೀತಿದ್ರು. ಬೂಜಿಯೆಸ್ ಊರಿನ ಹತ್ರ ಬಂಡೆ ಗೋಡೆ ಸೀದಾ ನೀರಿಗೇ ಇಳಿಯುತ್ತೆ, ದಡವೇ ಇಲ್ಲ, ಅದಕ್ಕೆ 19ನೇ ಶತಮಾನದಲ್ಲಿ ಆ ಬಂಡೇನೇ ಕೊರೆದು ದಾರಿ ಮಾಡಿದ್ರು. ಒಂದು ಕಡೆ ನೀರು, ಇನ್ನೊಂದು ಕಡೆ ಕಲ್ಲು, ತಲೆ ಮೇಲೂ ಕಲ್ಲಿನ ಚಪ್ಪರ. ಗೋಡೆಗೆ ಕೈ ಇಟ್ರೆ ಉಳಿಯೇಟಿನ ಗೀರುಗಳು ಬೆರಳಿಗೆ ತಾಗುತ್ತೆ, ನಂಗೆ ಪ್ರತಿ ಸಲವೂ ಅಲ್ಲಿ ಒಂದು ನಿಮಿಷ ನಿಲ್ಲಬೇಕು ಅನಿಸುತ್ತೆ. ಅದೇ ಗೋಡೇಲಿ ದಾನಿಯೆಲ್ ಮೊನ್ನಿಯೆ ಅನ್ನೋ ಶಿಲ್ಪಿ ನದಿಯ ಮೀನು, ಶಂಖ, ಅಲೆಗಳನ್ನ ಉದ್ದಕ್ಕೆ ಕೆತ್ತಿದಾರೆ. ಊರಿಂದ ಬೂಜಿಯೆಸ್‌ಗೆ ಹೆಚ್ಚುಕಡಿಮೆ 4 ಕಿಲೋಮೀಟರ್. ಇಲ್ಲಿ ಎಲ್ಲರೂ ಊರಿಂದ ಇಳಿದು ಹೋಗಿ ಅದೇ ದಾರೀಲಿ ವಾಪಸ್ ಬರ್ತಾರೆ, ನೀವು ಹಾಗೆ ಮಾಡಬೇಡಿ. ಮಂಡಿ ನೋವಿರೋರಿಗೆ ಏರಿಗಿಂತ ಇಳಿಜಾರೇ ಕಷ್ಟ, ಇಳಿಯೋವಾಗ ಮೈಭಾರ ಎಲ್ಲ ಮಂಡಿಚಿಪ್ಪಿನ ಮೇಲೇ ಬೀಳುತ್ತೆ. ಹಾಗಾಗಿ ಮಗ ಕೆಲಸಕ್ಕೆ ಕೂರೋ ಮುಂಚೆ ಕಾರಲ್ಲಿ ನಿಮ್ಮನ್ನ ಬೂಜಿಯೆಸ್‌ಗೆ ಬಿಟ್ಟು ಬರಲಿ, ಅಲ್ಲಿಂದ ಚಪ್ಪಟೆ ದಾರೀಲಿ ಆರಾಮಾಗಿ ಬಂದು ಕೊನೆಗೆ ಒಂದೇ ಏರು ಹತ್ತಿದ್ರೆ ಮನೆ. ಇಬ್ರಿಗೂ ಒಂದೊಂದು ವಾಕಿಂಗ್ ಕೋಲು ಇರಲಿ. ಒಂದು ಎಚ್ಚರ, ಬಂಡೆ ಚೂರು ಉದುರಿದ್ರೆ ಅಥವಾ ನದಿ ಏರಿದ್ರೆ ಈ ದಾರೀನ ಮುಚ್ಚಿಬಿಡ್ತಾರೆ, ಹಿಂದಿನ ದಿನ ಊರಿನ ಟೂರಿಸ್ಟ್ ಆಫೀಸಲ್ಲಿ ಕೇಳಿ. ಮುಚ್ಚಿದ್ರೆ ಹಗ್ಗ ದಾಟಿ ಒಳಗೆ ಹೋಗೋ ಸಾಹಸ ಬೇಡ.

ಮೂರನೇ ದಿನ ಕಾಲಿಗೆ ರೆಸ್ಟ್ ಕೊಡಿ. ಹತ್ತಿರದ ಕಬ್ರೆರೆ ಊರಲ್ಲಿ ಪೆಶ್ ಮೆರ್ಲ್ ಗುಹೆ ಇದೆ, ಇದೇ ಸುಣ್ಣಕಲ್ಲನ್ನ ಇದೇ ನೀರು ಕೊರೆದದ್ದು, ಒಳಗೆ ಸುಮಾರು 29,000 ವರ್ಷ ಹಿಂದಿನವರು ಬಿಡಿಸಿದ ಚುಕ್ಕೆ ಕುದುರೆಗಳಿವೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಮೊದಲೇ ಬುಕ್ ಮಾಡಿಸಿ, ಸ್ವೆಟರ್ ತಗೊಂಡು ಹೋಗಿ. ಕೋಸ್ ಮೇಲಿನ ಹಳದಿ ಗುರುತಿನ ದೊಡ್ಡ ಸುತ್ತನ್ನ ಮಗ ಬಿಡುವಾದ ಮೇಲೆ ಮೂವರೂ ಸೇರಿ ಮಾಡಿ, ಆದ್ರೆ ಅದು ವೀಕೆಂಡ್‌ಗೆ ಬಿದ್ರೆ ಬೇಟೆ ಬೋರ್ಡ್ ನೋಡ್ಕೊಂಡು. ಯಜಮಾನ್ರು ಎರಡನೇ ದಿನವೇ ಕೋಸ್ ಹತ್ತೋಣ ಅಂತ ಹಟ ಹಿಡಿದ್ರೆ ನನ್ನ ಹೆಸರು ಹೇಳಿ ತಡೀರಿ, ಆ ಸುತ್ತಲ್ಲಿ ಅರ್ಧ ದಾರೀಲಿ ಮಂಡಿ ಹಿಡ್ಕೊಂಡ್ರೆ ರಸ್ತೆ ತನಕ ಬರೋಕೂ ಒಂದು ಗಂಟೆ ಬೇಕಾಗಬಹುದು.

ಊಟದ ಬಗ್ಗೆ ಒಂದೇ ಮಾತು, ಸಸ್ಯಾಹಾರಿಗಳಾಗಿದ್ರೆ ಇಲ್ಲಿ ಹುರಿದ ಆಲೂಗಡ್ಡೆಯನ್ನೂ ಕೇಳದೆ ತಿನ್ನಬೇಡಿ, ಈ ಸೀಮೇಲಿ ಬಾತುಕೋಳಿ ಕೊಬ್ಬಲ್ಲಿ ಹುರಿಯೋ ರೂಢಿ ಇದೆ. ನಡಿಗೆಗೆ ಮನೆಯಿಂದಲೇ ಚಪಾತಿ, ಚಟ್ನಿಪುಡಿ ಕಟ್ಕೊಂಡು ಹೋಗೋದು ಕ್ಷೇಮ. ಆ ವಾರದಲ್ಲಿ ಅಲ್ಲಿ ಸೂರ್ಯ ಹುಟ್ಟೋದು ಏಳೂಮುಕ್ಕಾಲರ ಹೊತ್ತಿಗೆ, ಮುಳುಗೋದೂ ಸಂಜೆ ಏಳೂಮುಕ್ಕಾಲರ ಹೊತ್ತಿಗೇ, ನಮ್ಮ ಅಭ್ಯಾಸದಂತೆ ಆರಕ್ಕೆ ಎದ್ದು ಹೊರಟ್ರೆ ಕತ್ತಲು. ಬೆಳಗ್ಗೆ ಒಂಬತ್ತಕ್ಕೆ ಹೊರಟು ಮಧ್ಯಾಹ್ನ ಒಂದು ಗಂಟೆಯೊಳಗೆ ಮನೆ ಸೇರೋ ಹಾಗೆ ಇಟ್ಕೊಳ್ಳಿ. ಹೊರಡೋವಾಗ ಯಾವ ದಾರಿ, ಎಷ್ಟೊತ್ತಿಗೆ ವಾಪಸ್ ಅಂತ ಒಂದು ಚೀಟಿ ಬರೆದು ಮಗನ ಲ್ಯಾಪ್‌ಟಾಪ್ ಪಕ್ಕ ಇಡಿ. ಏನಾದ್ರೂ ಆದ್ರೆ 112, ಯಾವ ಕಂಪನಿ ಸಿಗ್ನಲ್ ಇದ್ರೂ ಆ ನಂಬರ್ ಹೋಗುತ್ತೆ. ನೀವು ನಿಂತಿರೋ ಜಾಗದ ಅಕ್ಷಾಂಶ ರೇಖಾಂಶದ ನಂಬರನ್ನ ಮ್ಯಾಪಲ್ಲಿ ಹೇಗೆ ನೋಡಿ ಓದಿ ಹೇಳೋದು ಅಂತ ಮೊದಲ ದಿನ ಸಂಜೆನೇ ಮಗನ ಹತ್ರ ಒಂದ್ಸಲ ಕಲ್ತುಕೊಂಡುಬಿಡಿ, ಇಬ್ರೂ.